ಐವತ್ತು ಸಾವಿರದ ಗೇಮಿಂಗ್ ಕಂಪ್ಯೂಟರ್: ಪಟ್ಟಿ ಎಲ್ಲಿಂದ ಶುರು ಮಾಡಬೇಕು?

ಪ್ಲಸ್ ಟೂ ರಿಸಲ್ಟ್ ಬಂದ ವಾರ ಅಕ್ಕನ ಮಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಗೆ ಬಂದ. ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ. "ಮಾವ, ಅಡಿಕೆ ಕೊಟ್ಟ ದುಡ್ಡಲ್ಲಿ ಅಮ್ಮ ಐವತ್ತು ಸಾವಿರ ಕೊಡ್ತಾರಂತೆ. ಪಟ್ಟಿ ಮಾಡಿದ್ದೇನೆ, ಸರಿ ಉಂಟಾ ನೋಡಿ" ಎಂದ. ಮೊದಲ ಸಾಲಿನಲ್ಲಿ ಬಣ್ಣದ ಲೈಟಿನ ಕ್ಯಾಬಿನೆಟ್ ಇತ್ತು. ಎರಡನೇ ಸಾಲಿನಲ್ಲಿ ಎಂಟು ಕೋರಿನ (ಲೆಕ್ಕ ಮಾಡುವ ಎಂಟು ಘಟಕಗಳ) ಪ್ರೊಸೆಸರ್. ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಎಲ್ಲೋ ಕೆಳಗೆ, ಉಳಿದ ಹಣಕ್ಕೆ ಸಿಕ್ಕಿದ್ದು. ಎಲ್ಲಾ ಪಾರ್ಟುಗಳಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಪಟ್ಟಿಯಲ್ಲೇ ಇರಲಿಲ್ಲ. ಅದು ಕ್ಯಾಬಿನೆಟ್ ಜೊತೆ ಫ್ರೀ ಬರುತ್ತದೆ ಎಂದು ಯಾವುದೋ ಅಂಗಡಿಯಲ್ಲಿ ಹೇಳಿದ್ದರಂತೆ.

ಆ ಹಾಳೆಯನ್ನು ಮಗುಚಿ, ಹಿಂದಿನ ಬದಿಯಲ್ಲಿ ಇಬ್ಬರೂ ಕೂತು ಹೊಸದಾಗಿ ಬರೆದೆವು. ಆ ಸಂಜೆ ಬರೆದದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಹೇಳುತ್ತೇನೆ. ಹಣ ಕಡಿಮೆ ಇದ್ದಾಗ ಯಾವ ಪಾರ್ಟ್ ಒಳ್ಳೆಯದು ಎನ್ನುವುದಕ್ಕಿಂತ ಯಾವುದನ್ನು ಮೊದಲು ಬರೆಯುತ್ತೀರಿ ಎನ್ನುವುದು ದೊಡ್ಡದು. ಆಟ ಮೊದಲು. ಆಮೇಲೆ ಪರದೆ. ಪರದೆಗೆ ತಕ್ಕ ಗ್ರಾಫಿಕ್ಸ್ ಕಾರ್ಡ್, ಕಾರ್ಡಿಗೆ ತಕ್ಕ ಪ್ರೊಸೆಸರ್, ಇವೆರಡಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್. ಕ್ಯಾಬಿನೆಟ್ ಎಲ್ಲಕ್ಕಿಂತ ಕೊನೆಗೆ.

ಆಟದ ಹೆಸರು ಬರೆಯಿರಿ, ಪರದೆ ನೋಡಿ

"ಎಲ್ಲಾ ಗೇಮೂ ಆಡಬೇಕು" ಎಂದರೆ ಪಟ್ಟಿ ಮುಂದೆ ಹೋಗುವುದಿಲ್ಲ. ಮುಂದಿನ ಎರಡು ವರ್ಷ ನಿಜವಾಗಿ ಆಡುವ ನಾಲ್ಕು ಆಟಗಳ ಹೆಸರು ಬರೆಯಿರಿ. ನಮ್ಮ ಹುಡುಗ ಬರೆದದ್ದು ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5, ಮತ್ತೆ ಸೈಬರ್‌ಪಂಕ್ 2077. ಇವು ಎರಡು ಜಾತಿಯವು. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್‌ಗಳಲ್ಲಿ ಚಿತ್ರದ ಅಂದಕ್ಕಿಂತ ವೇಗ ಮುಖ್ಯ. ಅಲ್ಲಿ ಪ್ರೊಸೆಸರಿಗೆ ಕೆಲಸ ಜಾಸ್ತಿ. ಸೈಬರ್‌ಪಂಕಿನಂಥ ಆಟದಲ್ಲಿ ಹೆಚ್ಚಿನ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ಮೊದಲ ಜಾತಿಯ ಆಟ ಮಾತ್ರ ಸಾಕು ಎನ್ನುವವರಿಗೆ ಐವತ್ತು ಸಾವಿರವೂ ಬೇಡ. ಅದಕ್ಕೆ ಮುಂದೆ ಬರುತ್ತೇನೆ.

ಆಮೇಲೆ ಪರದೆ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಕಾರ್ಡ್ 140 ಫ್ರೇಮ್ (ಚಿತ್ರ) ಕೊಟ್ಟರೂ ಕಣ್ಣಿಗೆ ಕಾಣುವುದು 60. ಹಾಗೆಯೇ 1440ಪಿ (1440 ಸಾಲು ಚುಕ್ಕೆಗಳ) ಪರದೆಯಲ್ಲಿ 1080ಪಿಗಿಂತ ಸುಮಾರು 1.8 ಪಟ್ಟು ಚುಕ್ಕೆಗಳು, 4ಕೆಯಲ್ಲಿ ನಾಲ್ಕು ಪಟ್ಟು. ಅಷ್ಟನ್ನೂ ಕಾರ್ಡೇ ಬಿಡಿಸಬೇಕು. ಹಾಗಾಗಿ ಈ ಬಜೆಟ್ಟಿಗೆ 1080ಪಿಯೇ ಸರಿ. ಮನೆಯಲ್ಲಿ ಹಳೆಯ 1080ಪಿ ಮಾನಿಟರ್ ಇದ್ದರೆ ಸದ್ಯಕ್ಕೆ ಅದೇ ಇರಲಿ. ಟಿವಿಗೆ ಜೋಡಿಸಬಹುದು, ಆದರೆ ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಮೌಸ್ ತಿರುಗಿಸಿದ ಮೇಲೆ ಚಿತ್ರ ತಡವಾಗಿ ತಿರುಗುತ್ತದೆ. ಒಂದು ವರ್ಷದ ನಂತರ 144 ಹರ್ಟ್ಸ್ ಮಾನಿಟರ್ ತಂದರಾಯಿತು. ಮಾನಿಟರ್ ಬದಲಿಸಲು ಕಂಪ್ಯೂಟರ್ ಬಿಚ್ಚಬೇಕಾಗಿಲ್ಲ, ಅಲ್ವಾ?

ಹಣ ಹಂಚಿದ್ದು ಹೀಗೆ

ಮಾನಿಟರ್, ಕೀಬೋರ್ಡ್, ಮೌಸ್ ಬಿಟ್ಟು ಡಬ್ಬಕ್ಕೆ ಮಾತ್ರ 50 ಸಾವಿರ ಎಂದು ಇಟ್ಟುಕೊಂಡೆವು. ಕಾರ್ಡಿಗೆ 19 ಸಾವಿರ. ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ ಸೇರಿ 13. ರ‍್ಯಾಮ್, ಎಸ್‌ಎಸ್‌ಡಿಗೆ (ಆಟ, ಫೈಲ್ ಇಡುವ ಡ್ರೈವ್) 11. ಎಸ್‌ಎಂಪಿಎಸ್‌ಗೆ 4. ಕ್ಯಾಬಿನೆಟ್ಟಿಗೆ 3. ಬೆಲೆಗಳು ಏರಿಳಿಯುತ್ತವೆ, ಆದ್ದರಿಂದ ಇವನ್ನು ಗೆರೆ ಹೊಡೆದ ಹಾಗೆ ಹಿಡಿಯಬೇಡಿ. ಆದರೆ ಎರಡು ಗೆರೆಗಳನ್ನು ಮಾತ್ರ ದಾಟಬೇಡಿ. ಕಾರ್ಡಿನ ಪಾಲು ಒಟ್ಟು ಹಣದ ಮೂರನೇ ಒಂದಕ್ಕಿಂತ ಕೆಳಗೆ ಇಳಿಯಬಾರದು. ಎಸ್‌ಎಂಪಿಎಸ್‌ನ ನಾಲ್ಕು ಸಾವಿರದಲ್ಲಿ ಒಂದು ರೂಪಾಯಿಯೂ ಬೇರೆ ಕಡೆ ಹೋಗಬಾರದು.

ಗ್ರಾಫಿಕ್ಸ್ ಕಾರ್ಡ್: ಹೆಸರಿಗೆ ಮರುಳಾಗಬೇಡಿ

ಜಾಸ್ತಿ ಮೋಸ ಹೋಗುವುದು ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಕಾರ್ಡಿನ ಸ್ವಂತ ಮೆಮೊರಿ. ಈಗಿನ ದೊಡ್ಡ ಆಟಗಳಿಗೆ 8 ಜಿಬಿ ಬೇಕು. 4 ಜಿಬಿ ಕಾರ್ಡಿನಲ್ಲಿ ಆಟ ತೆರೆಯುತ್ತದೆ, ಆದರೆ ಮೆಮೊರಿ ತುಂಬಿದ ಕೂಡಲೇ ಚಿತ್ರ ಜಗ್ಗಿ ಜಗ್ಗಿ ಓಡುತ್ತದೆ. ಹಾಗಂತ ಜಿಬಿ ಒಂದನ್ನೇ ನೋಡಿ ಕೊಳ್ಳಲೂ ಬಾರದು. ಜಿಟಿ 730 ಎಂಬ ಹಳೆಯ ಕಾರ್ಡನ್ನು "4 ಜಿಬಿ ಗೇಮಿಂಗ್ ಕಾರ್ಡ್" ಎಂದು ಇವತ್ತಿಗೂ ಮಾರುತ್ತಾರೆ. ಅದು ಪರದೆಯಲ್ಲಿ ಚಿತ್ರ ಬರಿಸಲು ಸಾಕು, ಆಡಲು ಸಾಲದು. ಪ್ರೊಸೆಸರಿನ ಒಳಗೇ ಬರುವ ಗ್ರಾಫಿಕ್ಸ್ ಅದಕ್ಕಿಂತ ಚುರುಕು.

ಇನ್ನೊಂದು ಗೊಂದಲ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050. ಈ ಒಂದೇ ಹೆಸರಿನಲ್ಲಿ ಎರಡು ಕಾರ್ಡ್‌ಗಳಿವೆ. 2022ರಲ್ಲಿ ಬಂದದ್ದು 8 ಜಿಬಿಯದು, 130 ವ್ಯಾಟ್. 2024ರಲ್ಲಿ ಬಂದದ್ದು 6 ಜಿಬಿಯದು, 70 ವ್ಯಾಟ್. ಎರಡನೆಯದರಲ್ಲಿ ಮೆಮೊರಿ ಮಾತ್ರ ಅಲ್ಲ, ಒಳಗಿನ ಕೋರ್‌ಗಳೂ ಕಡಿಮೆ. ಅಂಗಡಿಯ ಬೋರ್ಡಿನಲ್ಲಿ ಬರೀ "3050" ಎಂದು ಬರೆದಿರುತ್ತದೆ. ಪೆಟ್ಟಿಗೆ ಕೈಗೆ ತೆಗೆದುಕೊಂಡು ಓದಿ. ಆದರೆ 6 ಜಿಬಿಯದನ್ನು ಪೂರ್ತಿ ತಳ್ಳಿಹಾಕಬೇಡಿ. ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ವಿದ್ಯುತ್ ವಯರೇ ಬೇಡ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ನಡೆಯುತ್ತವೆ. ಹಳೆಯ ಆಫೀಸ್ ಕಂಪ್ಯೂಟರಿಗೆ ಹಾಕಲು ಅದು ಒಳ್ಳೆಯ ಕಾರ್ಡ್.

ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಡಿಮೆ ಬೆಲೆಗೆ ಸಿಕ್ಕರೂ ಬಿಡಿ. ಅದು ಮದರ್‌ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ಲೇನ್‌ಗಳಲ್ಲಿ. ಮೆಮೊರಿಯೂ 4 ಜಿಬಿ. ಪಿಸಿಐಇ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) 3.0 ಇರುವ ಹಳೆಯ ಬೋರ್ಡಿಗೆ ಹಾಕಿದರೆ ಇನ್ನೂ ಸೋಲುತ್ತದೆ.

ನಮ್ಮ ಪಟ್ಟಿಗೆ ಬರೆದದ್ದು ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್. 1080ಪಿಯಲ್ಲಿ ಹೆಚ್ಚಿನ ಆಟಗಳಿಗೆ ಧಾರಾಳ. 2021ರ ಕಾರ್ಡ್ ಆದ್ದರಿಂದ ಕೆಲವು ಕಡೆ ಸ್ಟಾಕ್ ಇರುವುದಿಲ್ಲ. ಆಗ ಇನ್ನೂ ಸ್ವಲ್ಪ ಹಣ ಜಾಸ್ತಿ ಹೊಂದಿಸಲು ಆದರೆ ಆರ್‌ಎಕ್ಸ್ 7600 ಅಥವಾ ಆರ್‌ಟಿಎಕ್ಸ್ 4060 ನೋಡಬಹುದು. 4060ಗೆ ಬರೀ 115 ವ್ಯಾಟ್ ಸಾಕು. ಡಿಎಲ್‌ಎಸ್‌ಎಸ್ ಎಂಬ ಸೌಲಭ್ಯವೂ ಇದೆ. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಚೆನ್ನಾಗಿ ಹಿಗ್ಗಿಸಿ ಫ್ರೇಮ್ ಉಳಿಸುವ ವಿಧಾನ ಅದು. ಎಎಂಡಿಯ ಎಫ್‌ಎಸ್‌ಆರ್ ಮಾಡುವುದೂ ಅದನ್ನೇ. ಚಿತ್ರದ ಅಂದದಲ್ಲಿ ಡಿಎಲ್‌ಎಸ್‌ಎಸ್ ಒಂದು ಕೈ ಮೇಲು ಎಂದು ನನ್ನ ಅನಿಸಿಕೆ. ಇಂಟೆಲಿನ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ ಎಂದು ಹುಡುಗರು ಅದರ ಹಿಂದೆ ಬೀಳುತ್ತಾರೆ. ಕಾರ್ಡ್ ಒಳ್ಳೆಯದೇ. ಆದರೆ ಬಯಾಸ್‌ನಲ್ಲಿ (ಬೋರ್ಡಿನ ಒಳಗಿನ ಮೂಲ ಸೆಟ್ಟಿಂಗ್) ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ನೋಡುವ ಸೌಲಭ್ಯ) ಆನ್ ಇರಲೇಬೇಕು, ಜೊತೆಗೆ ಪ್ರೊಸೆಸರ್ ಸಾಧಾರಣದ್ದಾದರೆ ಅದರ ಪೂರ್ತಿ ಶಕ್ತಿ ಹೊರಗೆ ಬರುವುದಿಲ್ಲ. ಈ ಬಜೆಟ್ಟಿನ ಪ್ರೊಸೆಸರ್ ಸಾಧಾರಣದ್ದೇ ಅಲ್ವಾ? ಅದಕ್ಕೆ ನಾನು ಬೇಡ ಎಂದೆ.

ಪ್ರೊಸೆಸರ್ ಮತ್ತು ಬೋರ್ಡ್ ಒಟ್ಟಿಗೇ

ಇವೆರಡನ್ನು ಬೇರೆ ಬೇರೆಯಾಗಿ ಆರಿಸಲು ಆಗುವುದಿಲ್ಲ. ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಹೊಂದಬೇಕು. ಈ ಹಣಕ್ಕೆ ಎರಡು ದಾರಿ ಇವೆ. ಒಂದು ಇಂಟೆಲಿನ ಐ3-12100ಎಫ್, ನಾಲ್ಕು ಕೋರ್, ಎಂಟು ಥ್ರೆಡ್ (ಒಂದೇ ಹೊತ್ತಿಗೆ ನಡೆಸುವ ಕೆಲಸದ ಎಳೆ). ಇನ್ನೊಂದು ಎಎಂಡಿಯ ರೈಜನ್ 5 5600, ಆರು ಕೋರ್, ಹನ್ನೆರಡು ಥ್ರೆಡ್. ಬೆಲೆಯಲ್ಲಿ ಎರಡು ಸಾವಿರದ ವ್ಯತ್ಯಾಸ ಇದ್ದರೆ ನಾನು ಯೋಚನೆಯಿಲ್ಲದೆ 5600 ಎನ್ನುತ್ತೇನೆ. ಹೊಸ ಆಟಗಳು ಆರು ಕೋರ್ ಕೇಳುತ್ತವೆ. ಆಡುವಾಗ ಹಿಂದೆ ಡಿಸ್ಕಾರ್ಡ್, ಬ್ರೌಸರ್ ತೆರೆದಿಡದ ಹುಡುಗ ನಮ್ಮೂರಲ್ಲಿ ಇಲ್ಲ. ಮುಂದೆ ಅದೇ ಬೋರ್ಡಿಗೆ ಎಂಟು ಕೋರಿನ 5700ಎಕ್ಸ್ ಹಾಕಲೂ ಬರುತ್ತದೆ. ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ 12100ಎಫ್ ತಗೊಳ್ಳಿ, ಬೇಸರ ಬೇಡ.

5600 ಎಂದು ಕೇಳಿದಾಗ 5500 ಅಥವಾ 5600ಜಿ ಕೊಟ್ಟು "ಎಲ್ಲಾ ಒಂದೇ" ಎನ್ನುವವರಿದ್ದಾರೆ. ಒಂದೇ ಅಲ್ಲ. ಅವೆರಡರಲ್ಲೂ ಕ್ಯಾಷ್ (ಪ್ರೊಸೆಸರಿನ ಒಳಗಿನ ವೇಗದ) ಮೆಮೊರಿ ಅರ್ಧ, 32 ಎಂಬಿ ಇರಬೇಕಾದಲ್ಲಿ 16 ಎಂಬಿ. ಪಿಸಿಐಇ ಕೂಡ 3.0. ಇಂಟೆಲಿನಲ್ಲಿ ಹೆಸರಿನ ಕೊನೆಯ ಎಫ್ ಅಕ್ಷರ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ರೈಜನ್ 5600ರಲ್ಲೂ ಇಲ್ಲ. ಕಾರ್ಡ್ ಹಾಕದೆ ಇವುಗಳಲ್ಲಿ ಪರದೆ ಬೆಳಗುವುದಿಲ್ಲ. ಎರಡರ ಪೆಟ್ಟಿಗೆಯಲ್ಲೂ ಕೂಲರ್ ಬರುತ್ತದೆ. ಬೇರೆ ಕೂಲರಿಗೆ ಹಣ ಹಾಕಬೇಡಿ.

ಬೋರ್ಡಿನಲ್ಲಿ ನೋಡಬೇಕಾದದ್ದು ಸ್ವಲ್ಪವೇ. 5600ಕ್ಕೆ ಬಿ450 ಅಥವಾ ಎ520 ಎಂಬ ಜಾತಿಯ ಬೋರ್ಡ್ ಸಾಕು, ಬಿ550 ಸಿಕ್ಕರೆ ಒಳ್ಳೆಯದು. ಬಿ450 ಹಳೆಯ ಸ್ಟಾಕ್ ಆಗಿದ್ದರೆ ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಕೇಳಿ. ಆಗಿರದಿದ್ದರೆ ಈ ಪ್ರೊಸೆಸರನ್ನು ಅದು ಗುರುತಿಸುವುದೇ ಇಲ್ಲ. 12100ಎಫ್‌ಗೆ ಎಚ್610 ತಗೊಳ್ಳುವಾಗ ಇನ್ನೊಂದು ಎಚ್ಚರಿಕೆ ಬೇಕು. ಎಚ್610ರಲ್ಲಿ ಹಳೆಯ ತಲೆಮಾರಿನ ಡಿಡಿಆರ್4 ರ‍್ಯಾಮಿಗೆ ಬೇರೆ ಬೋರ್ಡ್, ಹೊಸ ತಲೆಮಾರಿನ ಡಿಡಿಆರ್5ಕ್ಕೆ ಬೇರೆ ಬೋರ್ಡ್ ಇದೆ. ಎರಡೂ ರ‍್ಯಾಮಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಎಎಂಡಿಯ ಹೊಸ ಎಎಂ5 ಸಾಕೆಟ್ಟಿಗೆ 2027ರ ಆಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಎಂದು ಕಂಪನಿ ಹೇಳಿದೆ. ಆದರೆ ಅದಕ್ಕೆ ಡಿಡಿಆರ್5 ಮಾತ್ರ ಆಗುತ್ತದೆ. ಆ ಖರ್ಚು ಈ ಹಣದಲ್ಲಿ ಕಾರ್ಡಿನ ಪಾಲನ್ನು ತಿನ್ನುತ್ತದೆ.

ವೈಫೈ ಇರುವ ಬೋರ್ಡಿಗೆಂದು ಹಣ ಕೊಡಬೇಡಿ. ನಮ್ಮ ಕಡೆಯ ಮುರಕಲ್ಲಿನ ಗೋಡೆ ದಪ್ಪ. ಎರಡು ಕೋಣೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ರೂಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆದರೆ ಪಿಂಗ್ (ಆಟದ ಸರ್ವರಿಗೆ ಸಂದೇಶ ಹೋಗಿ ಬರುವ ಸಮಯ) ಕುಣಿಯುವುದು ನಿಲ್ಲುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿ ಬೇಕು. ಒಂದೇ 16ರ ಕಡ್ಡಿ ಅಲ್ಲ, 8ರ ಎರಡು. ಎರಡಿದ್ದರೆ ಪ್ರೊಸೆಸರಿಗೆ ರ‍್ಯಾಮಿನ ಜೊತೆ ಎರಡು ದಾರಿ ತೆರೆಯುತ್ತದೆ, ಫ್ರೇಮ್ ಕೂಡ ಸ್ಥಿರವಾಗಿರುತ್ತದೆ. ಡಿಡಿಆರ್4, 3200ರ ವೇಗ ಸಾಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಚಿಪ್‌ಗಳು ಹೋಗುತ್ತಿರುವುದೇ ಅದಕ್ಕೆ ಕಾರಣ. ನಿಮ್ಮ 11 ಸಾವಿರ ಇಲ್ಲಿ ಮೀರಿದರೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಗೊಳ್ಳಲು ಹೆದರಬೇಡಿ. ಕಂಪ್ಯೂಟರಿನಲ್ಲಿ ಬೇಗ ಸವೆಯದ ಪಾರ್ಟ್ ಅದು. ತಂದ ರಾತ್ರಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಒಂದು ಎರರ್ ಬಂದರೂ ಮರುದಿನ ವಾಪಸ್ ಕೊಡಿ.

ಎಸ್‌ಎಸ್‌ಡಿ ಎನ್‌ವಿಎಂಇ ಎಂಬ ವೇಗದ ಜಾತಿಯದು, ಕಡಿಮೆ ಎಂದರೆ 500 ಜಿಬಿ. ಈಗಿನ ದೊಡ್ಡ ಆಟ ಒಂದೇ 100 ಜಿಬಿ ನುಂಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಮನೆಯಲ್ಲಿದ್ದರೆ ಫೋಟೊ, ಸಿನಿಮಾ ಅದಕ್ಕೆ ಹಾಕಿ. ವಿಂಡೋಸ್ ಮಾತ್ರ ಅದರಲ್ಲಿ ಬೇಡ.

ಎಸ್‌ಎಂಪಿಎಸ್ ಮತ್ತು ನಮ್ಮೂರ ಕರೆಂಟು

ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದದ್ದು ಇದನ್ನೇ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರು ಮಾಡುವ ವಿಡಿಯೋಗಳಲ್ಲಿ ಇದಕ್ಕೆ ಅರ್ಧ ನಿಮಿಷವೂ ಸಿಗುವುದಿಲ್ಲ. ನಮ್ಮ ಮನೆಗಳ ಕಥೆ ಬೇರೆ. ತೋಟದ ಪಂಪ್ ಸ್ಟಾರ್ಟ್ ಆದರೆ ಬಲ್ಬು ಮಂಕಾಗುತ್ತದೆ. ಗಾಳಿಗೆ ಸೋಗೆ ಲೈನಿನ ಮೇಲೆ ಬಿದ್ದರೆ ಕರೆಂಟ್ ಐದು ಸಲ ಹೋಗಿ ಬರುತ್ತದೆ. ಎಪ್ರಿಲ್-ಮೇಯಲ್ಲಿ ಒಮ್ಮೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಗೆ ಮತ್ತೊಮ್ಮೆ ಸಂಜೆ ಹೊತ್ತಿಗೆ ಸಿಡಿಲು. ಇದನ್ನೆಲ್ಲ ಮೊದಲು ತಿನ್ನುವುದು ಎಸ್‌ಎಂಪಿಎಸ್. ಅದು ಕೆಟ್ಟದ್ದಾದರೆ ತಾನೂ ಹೋಗುತ್ತದೆ, ಬೋರ್ಡನ್ನೂ ಕಾರ್ಡನ್ನೂ ಕರೆದುಕೊಂಡು ಹೋಗುತ್ತದೆ.

ಫ್ರೀ ಬರುವ ಲೋಕಲ್ ಎಸ್‌ಎಂಪಿಎಸ್ ಯಾಕೆ ಬೇಡ ಎಂದು ಕಣ್ಣಾರೆ ನೋಡಬಹುದು. ಅದರ ಬದಿಯ ಸ್ಟಿಕ್ಕರ್ ಓದಿ. 12 ವೋಲ್ಟ್ ಎಂಬ ಕಾಲಮಿನ ಕೆಳಗೆ ಎಷ್ಟು ಆಂಪ್ಸ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. ಮುಂದೆ ದೊಡ್ಡದಾಗಿ 450 ವ್ಯಾಟ್ ಎಂದಿದ್ದು, 12 ವೋಲ್ಟಿನಲ್ಲಿ 16 ಆಂಪ್ಸ್ ಮಾತ್ರ ಇದ್ದರೆ ನಿಜವಾಗಿ ಸಿಗುವುದು 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು ಈ 12 ವೋಲ್ಟಿನಿಂದಲೇ. 37 ಆಂಪ್ಸ್ ಇದ್ದರೆ 444 ವ್ಯಾಟ್, ಅದು ಸರಿಯಾದ ಲೆಕ್ಕ. ಕಾರ್ಡಿಗೆ ಹಾಕುವ ಆರು ಪ್ಲಸ್ ಎರಡು ಪಿನ್ನಿನ ವಯರ್ ಅದರಲ್ಲೇ ಇರಬೇಕು. ಅಡಾಪ್ಟರ್ ಹಾಕಿ ಹೊಂದಿಸುತ್ತೇನೆ ಎಂದರೆ ಒಪ್ಪಬೇಡಿ, ಆ ತೆಳು ವಯರ್ ಕಾರ್ಡ್ ಎಳೆಯುವ ಕರೆಂಟಿಗೆ ಕರಗಬಹುದು.

ನಮ್ಮ ಪಟ್ಟಿಯ ಪ್ರೊಸೆಸರ್, ಕಾರ್ಡ್ ಸೇರಿ ಆಡುವಾಗ ಸುಮಾರು 250 ವ್ಯಾಟ್ ಎಳೆಯುತ್ತವೆ. 450 ವ್ಯಾಟಿನದ್ದು ಸಾಕು, 550 ಆದರೆ ಮುಂದೆ ಕಾರ್ಡ್ ಬದಲಿಸಲು ಅನುಕೂಲ. 80 ಪ್ಲಸ್ ಬ್ರಾಂಜ್ ಎಂಬ ಗುರುತು ಎಷ್ಟು ಕರೆಂಟ್ ಪೋಲಾಗುತ್ತದೆ ಎನ್ನುವುದನ್ನು ಮಾತ್ರ ಹೇಳುತ್ತದೆ, ಬಾಳಿಕೆಯನ್ನು ಅಲ್ಲ. ಅದಕ್ಕೆ ವಾರಂಟಿಯನ್ನೂ ನೋಡಿ. ಕೂಲರ್ ಮಾಸ್ಟರಿನ ಎಂಡಬ್ಲ್ಯುಇ ಬ್ರಾಂಜ್ ವಿ2, ಡೀಪ್‌ಕೂಲ್ ಪಿಕೆ550ಡಿ, ಎಂಎಸ್‌ಐ ಎ550ಬಿಎನ್ ಇಂಥವು ಐದು ವರ್ಷದ ವಾರಂಟಿಯವು. ಇನ್ನೊಂದು ಮಾತು. ಕೆಲವು ಅಗ್ಗದ ಎಸ್‌ಎಂಪಿಎಸ್‌ಗಳ ಹಿಂದೆ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ನಮ್ಮ ಕರೆಂಟು 230 ವೋಲ್ಟಿನದು. ಆ ಸ್ವಿಚ್ಚನ್ನು ಮನೆಯ ಮಕ್ಕಳು 115ಕ್ಕೆ ತಳ್ಳಿ ಆನ್ ಮಾಡಿದರೆ ಅಲ್ಲಿಗೇ ಮುಗಿಯಿತು. ಹಲವು ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240ರವರೆಗೆ ತಾವೇ ಹೊಂದಿಕೊಳ್ಳುತ್ತವೆ. ಪಂಪಿನಿಂದ ವೋಲ್ಟೇಜ್ ಬಿದ್ದಾಗ ನಮ್ಮ ಕಂಪ್ಯೂಟರ್ ಆಫ್ ಆಗದೆ ಉಳಿಯುವುದು ಇದರಿಂದಲೇ.

ಅರ್ತಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಎಂದರೆ ಅರ್ತ್ ಸರಿ ಇಲ್ಲ ಎಂದು ಲೆಕ್ಕ. ನಮ್ಮ ಮುರ ಮಣ್ಣು ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ಅರ್ತ್ ಗುಂಡಿಗೆ ಆಗಾಗ ನೀರು ಹಾಕಬೇಕು. ಹಳೆಯ ಮನೆಯಾದರೆ ವಯರಿಂಗಿನವರನ್ನು ಒಮ್ಮೆ ಕರೆಸಿ.

ಯುಪಿಎಸ್ ಮೊದಲ ದಿನವೇ ಬೇಕು ಎಂದಿಲ್ಲ, ಆದರೆ ಮಳೆಗಾಲದ ಮೊದಲು ಬೇಕು. 1000 ವಿಎಯದು ಸಾಮಾನ್ಯವಾಗಿ 600 ವ್ಯಾಟ್ ಕೊಡುತ್ತದೆ, 600 ವಿಎಯದು 360 ವ್ಯಾಟ್. ದೊಡ್ಡದೇ ಇರಲಿ. ಮನೆಗೆ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ (ಲೈನಿನ ಕರೆಂಟಿನ ಹಾಗೆ ನಯವಾದ ಅಲೆ ಕೊಡುವುದು) ಹೌದೇ ನೋಡಿ, ಮತ್ತೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಸಿಡಿಲಿಗೆ ಯಾವ ಯುಪಿಎಸ್ಸೂ ಸ್ಪೈಕ್ ಗಾರ್ಡೂ ಪೂರ್ತಿ ಉತ್ತರ ಅಲ್ಲ. ಪ್ಲಗ್ ಕಿತ್ತಿಡುವುದೊಂದೇ ದಾರಿ. ನಾನು ಒಮ್ಮೆ ಪ್ಲಗ್ ಕಿತ್ತೆ, ಲ್ಯಾನ್ ಕೇಬಲ್ ಹಾಗೇ ಬಿಟ್ಟೆ. ರೂಟರ್ ಗೋಡೆಯ ಪ್ಲಗ್ಗಿನಲ್ಲೇ ಇತ್ತು. ಆ ರಾತ್ರಿಯ ಸಿಡಿಲಿಗೆ ರೂಟರ್ ಹೋಯಿತು, ಕೇಬಲ್ ಹಿಡಿದು ಬಂದದ್ದು ನನ್ನ ಬೋರ್ಡಿನ ಲ್ಯಾನ್ ಪೋರ್ಟನ್ನೂ ಸುಟ್ಟಿತು. ಅಂದಿನಿಂದ ಮೂರನ್ನೂ ಕೀಳುತ್ತೇನೆ. ಕಂಪ್ಯೂಟರಿನ ಪ್ಲಗ್, ರೂಟರಿನ ಪ್ಲಗ್, ಲ್ಯಾನ್ ಕೇಬಲ್.

ಕ್ಯಾಬಿನೆಟ್: ಗಾಳಿ, ಧೂಳು, ಹಲ್ಲಿ

ಮುಂದೆ ಗಾಜು ಇರುವುದು ಬೇಡ, ಜಾಲರಿ ಇರುವುದು ಬೇಕು. ಮುಂದೆ ಒಂದು ಫ್ಯಾನ್ ಒಳಗೆ ಎಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಅಷ್ಟು ಸಾಕು. ಲೈಟ್ ಬೇಕೆಂದು ನಮ್ಮ ಹುಡುಗನಿಗೆ ಆಸೆ ಇತ್ತು. ಫ್ಯಾನಿನಲ್ಲೇ ಲೈಟ್ ಇರುವ ಕ್ಯಾಬಿನೆಟ್ ಮೂರು ಸಾವಿರದ ಒಳಗೆ ಸಿಕ್ಕಿತು, ಅವನಿಗೂ ಖುಷಿಯಾಯಿತು. ಆಸೆಯನ್ನು ಪಟ್ಟಿಯಿಂದ ಅಳಿಸಬೇಕಾಗಿಲ್ಲ, ಕೊನೆಯ ಸಾಲಿಗೆ ಇಳಿಸಿದರೆ ಸಾಕು.

ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಜೂನಿನಿಂದ ಗೋಡೆಯೇ ಬೆವರುತ್ತದೆ. ಕಂಪ್ಯೂಟರನ್ನು ನೆಲದ ಮೇಲೆ ಇಡಬೇಡಿ, ಗೋಡೆಗೆ ತಾಗಿಸಬೇಡಿ. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆಯಾದರೂ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಸಿಡಿಲಿನ ಹೊತ್ತು ಬಿಟ್ಟು ಮಾಡಿ ಎಂದು ಬೇರೆ ಹೇಳಬೇಕಾಗಿಲ್ಲ. ಕುಂಬಳೆ, ಉಪ್ಪಳದಂಥ ಸಮುದ್ರದ ಬದಿಯ ಊರುಗಳಲ್ಲಿ ಉಪ್ಪು ಗಾಳಿಗೆ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ, ರ‍್ಯಾಮಿನ ಹಳದಿ ಅಂಚು ಮಂಕಾಗುತ್ತದೆ. ಆನ್ ಆದರೂ ಪರದೆ ಬಾರದಿದ್ದರೆ ಮೊದಲು ರ‍್ಯಾಮ್ ತೆಗೆದು ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಹಾಕಿ ನೋಡಿ. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ. ಹಿಂದಿನ ಖಾಲಿ ಸ್ಲಾಟ್‌ಗಳ ತಗಡು ಬಿಚ್ಚಿದ್ದರೆ ಮುಚ್ಚಿ. ಬೆಚ್ಚಗಿನ ಜಾಗ ಎಂದು ಹಲ್ಲಿ, ಇರುವೆ ಎರಡೂ ಬರುತ್ತವೆ. ಹಲ್ಲಿ ಬೋರ್ಡಿನ ಮೇಲೆ ಸತ್ತು ಶಾರ್ಟ್ ಆದದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಐವತ್ತು ಇಲ್ಲ, ಮೂವತ್ತೇ ಇದ್ದರೆ

ಎರಡು ದಾರಿ ಇದೆ. ಮೊದಲನೆಯದು ರೈಜನ್ 5 5600ಜಿ. ಅದರೊಳಗೇ ಗ್ರಾಫಿಕ್ಸ್ ಇದೆ. 1080ಪಿಯಲ್ಲಿ ಸೆಟ್ಟಿಂಗ್ ಇಳಿಸಿದರೆ ವ್ಯಾಲೊರಂಟ್ 60 ಫ್ರೇಮಿಗಿಂತ ಮೇಲೆ ಆರಾಮವಾಗಿ ಓಡುತ್ತದೆ. ಈ ಪ್ರೊಸೆಸರಿಗೆ ಎರಡು ಕಡ್ಡಿ ರ‍್ಯಾಮ್ ಇರಲೇಬೇಕು, ಯಾಕೆಂದರೆ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್ ಬಳಸುತ್ತದೆ. ಎಸ್‌ಎಂಪಿಎಸ್ ಈಗಲೇ ಒಳ್ಳೆಯದು ಹಾಕಿ. ಕಾರ್ಡ್ ಮುಂದಿನ ವರ್ಷದ ಅಡಿಕೆಗೆ ಬಿಡಿ.

ಎರಡನೆಯದು ಆಫೀಸುಗಳಿಂದ ಹೊರಬಿದ್ದ ಡೆಲ್, ಎಚ್‌ಪಿ ಕಂಪ್ಯೂಟರ್. ಇಂಟೆಲಿನ ಎಂಟನೇ ತಲೆಮಾರು ಅಥವಾ ಅದರ ಮೇಲಿನದೇ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಸುರಕ್ಷತಾ ಸೌಲಭ್ಯಗಳೂ ಆನ್ ಇರಬೇಕು. ಇಂಥ ಕಂಪ್ಯೂಟರಿನ ಎಸ್‌ಎಂಪಿಎಸ್ ಕಂಪನಿಯದೇ ಅಳತೆಯದು, ಬದಲಿಸುವುದು ಕಷ್ಟ. ಹಾಗಾಗಿ ಬೇರೆ ವಯರ್ ಬೇಡದ 3050 6 ಜಿಬಿ ಕಾರ್ಡ್ ಇಲ್ಲಿ ಸರಿಯಾಗುತ್ತದೆ. ತೆಳು ಕ್ಯಾಬಿನೆಟ್ ಆಗಿದ್ದರೆ ಕಾರ್ಡ್ ಲೋ ಪ್ರೊಫೈಲ್ ಆಗಿರಬೇಕು. ಮೊದಲು ಸ್ಕೇಲ್ ಹಿಡಿದು ಅಳೆಯಿರಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ನನ್ನ ನಿಯಮ ಸರಳ. ಪ್ರೊಸೆಸರ್, ರ‍್ಯಾಮ್ ಹಳೆಯದು ಸರಿ. ಕಾರ್ಡ್ ನೋಡಿ ತಗೊಳ್ಳಬಹುದು. ಎಸ್‌ಎಂಪಿಎಸ್, ಎಸ್‌ಎಸ್‌ಡಿ ಯಾವತ್ತೂ ಹೊಸದೇ. ಹಳೆಯ ಕಾರ್ಡ್ ತಗೊಳ್ಳುವಾಗ ಮಾರುವವರ ಮನೆಯಲ್ಲೇ ಆನ್ ಮಾಡಿಸಿ. ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಹಾಕಿ, ಒಳಗಿನ ಚಿಪ್ಪಿಗೂ ಹೆಸರಿಗೂ ಹೊಂದಾಣಿಕೆ ಇದೆಯೇ ನೋಡಿ. ಹೆಸರು ಬದಲಿಸಿದ ನಕಲಿ ಕಾರ್ಡನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ಇಪ್ಪತ್ತು ನಿಮಿಷ ಓಡಲಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ ಎದ್ದು ಬನ್ನಿ.

ಎಲ್ಲಿ ಕೊಳ್ಳುವುದು

ಪಟ್ಟಿ ಹಿಡಿದು ಕಾಸರಗೋಡು ಪೇಟೆಯಲ್ಲಿ ಒಮ್ಮೆ, ಮಂಗಳೂರಿನಲ್ಲಿ ಒಮ್ಮೆ ಕೇಳಿ. ರೈಲಿನಲ್ಲಿ ಒಂದು ಬೆಳಗ್ಗೆಯ ಕೆಲಸ, ದೂರ 50 ಕಿಲೋಮೀಟರಿನ ಒಳಗೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನೂರಿನ್ನೂರು ಕಡಿಮೆ ಸಿಗಬಹುದು. ಆದರೆ ಪಾರ್ಟ್ ಕೆಟ್ಟರೆ ಅಷ್ಟು ದೂರ ಹೋಗಬೇಕಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲು ಬೇಕು, ಅದರಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಇರಬೇಕು. "ಬಿಲ್ಲು ಬೇಡದಿದ್ದರೆ ಕಡಿಮೆ ಮಾಡ್ತೇನೆ" ಎಂದವರಿಂದ ಒಬ್ಬ ಗೆಳೆಯ ಕಾರ್ಡ್ ತಂದಿದ್ದ. ಎಂಟನೇ ತಿಂಗಳಿಗೆ ಫ್ಯಾನ್ ನಿಂತಿತು. ವಾರಂಟಿ ಕೇಳಲು ಅವನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಆನ್‌ಲೈನ್ ತರಿಸಿದರೆ ಪೆಟ್ಟಿಗೆ ಒಡೆಯುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿ.

ಅಂಗಡಿಯಲ್ಲೇ ಜೋಡಿಸಿ ಬಸ್ಸಿನಲ್ಲೋ ಜೀಪಿನಲ್ಲೋ ತರುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ, ಅದರ ಪೆಟ್ಟಿಗೆಯಲ್ಲೇ ಬೇರೆಯಾಗಿ ತನ್ನಿ. ನಮ್ಮ ಗುಂಡಿ ರಸ್ತೆಯಲ್ಲಿ ಕಾರ್ಡಿನ ಭಾರಕ್ಕೆ ಸ್ಲಾಟ್ ಸೀಳುತ್ತದೆ.

ಜೋಡಿಸುವಾಗ

ಮನೆಯಲ್ಲೇ ಜೋಡಿಸಿ ಎಂದು ನಾನು ಹೇಳುವುದು. ಮೂರು ಗಂಟೆಯ ಕೆಲಸ. ಮುಂದೆ ಏನು ಕೆಟ್ಟರೂ ಬಿಚ್ಚಲು ಹೆದರಿಕೆ ಇರುವುದಿಲ್ಲ. ಮೊದಲು ಕಿಟಕಿಯ ಸರಳನ್ನೋ ಬೇರೆ ಕಬ್ಬಿಣವನ್ನೋ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆಯಿರಿ. ಬೋರ್ಡನ್ನು ಅದರ ಪೆಟ್ಟಿಗೆಯ ಮೇಲೆ ಇಟ್ಟು, ಕ್ಯಾಬಿನೆಟ್ಟಿನ ಹೊರಗೇ ಪ್ರೊಸೆಸರ್, ಕೂಲರ್, ರ‍್ಯಾಮ್, ಎಸ್‌ಎಸ್‌ಡಿ ಹಾಕಿ. ಪ್ರೊಸೆಸರಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸೇರಬೇಕು. ರೈಜನ್ 5600ರ ಅಡಿಯಲ್ಲಿ ಪಿನ್ನುಗಳಿವೆ. ಒತ್ತಬೇಡಿ, ಇಟ್ಟರೆ ತಾನೇ ಕೂರುತ್ತದೆ. ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಎರಡು ಕಡ್ಡಿಗಳು ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯದಕ್ಕೆ.

ಬೋರ್ಡಿನ ಪೋರ್ಟ್‌ಗಳ ಸುತ್ತ ಬರುವ ಹಿಂದಿನ ತಗಡನ್ನು ಕ್ಯಾಬಿನೆಟ್ಟಿಗೆ ಮೊದಲೇ ಕೂರಿಸಿ, ಬೋರ್ಡ್ ಸ್ಕ್ರೂ ಮಾಡಿದ ಮೇಲೆ ನೆನಪಾದರೆ ಎಲ್ಲಾ ಬಿಚ್ಚಬೇಕು. ಪ್ರೊಸೆಸರಿನ ಎಂಟು ಪಿನ್ನಿನ ವಯರೂ ಕಾರ್ಡಿನ ಎಂಟು ಪಿನ್ನಿನ ವಯರೂ ನೋಡಲು ಒಂದೇ ಥರ, ಆದರೆ ಬೇರೆ ಬೇರೆ. ಅವುಗಳ ಮೇಲೆ ಹೆಸರಿದೆ, ಓದಿ ಹಾಕಿ. ಕೊನೆಗೆ ಮಾನಿಟರಿನ ಕೇಬಲ್ ಕಾರ್ಡಿಗೆ ಹೋಗಬೇಕು, ಬೋರ್ಡಿನ ಪೋರ್ಟಿಗೆ ಅಲ್ಲ. "ಕಂಪ್ಯೂಟರ್ ಸತ್ತಿದೆ" ಎಂದು ನನಗೆ ಬಂದ ಕರೆಗಳಲ್ಲಿ ಅರ್ಧ ಈ ಕೇಬಲಿನದೇ.

ಆನ್ ಆದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಕೆಲವು ಎಎಂಡಿ ಬೋರ್ಡಿನಲ್ಲಿ ಅದನ್ನೇ ಡಿಒಸಿಪಿ ಎನ್ನುತ್ತಾರೆ. ಮಾಡದಿದ್ದರೆ ನೀವು ದುಡ್ಡು ಕೊಟ್ಟ 3200ರ ರ‍್ಯಾಮ್ 2133ಕ್ಕೋ 2666ಕ್ಕೋ ಓಡುತ್ತದೆ. ರೀಸೈಜಬಲ್ ಬಾರ್ ಇದ್ದರೆ ಅದನ್ನೂ ಆನ್ ಮಾಡಿ. 144 ಹರ್ಟ್ಸ್ ಮಾನಿಟರ್ ತಂದ ದಿನ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಎಂದು ನೀವೇ ಆರಿಸಬೇಕು. ಕೆಲವು ಸಲ ಅದು 60ರಲ್ಲೇ ಕೂತಿರುತ್ತದೆ.

ಆಮೇಲೆ ಕಾರ್ಡಿನ ಬಳಕೆ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡು ಒಂದು ಗಂಟೆ ಆಡಿ. ದೊಡ್ಡ ಆಟದಲ್ಲಿ ಕಾರ್ಡಿನ ಬಳಕೆ 95 ಶೇಕಡಾದ ಮೇಲೆ ಇದ್ದರೆ ಹಣ ಹಂಚಿದ್ದು ಸರಿಯಾಗಿದೆ. ಅದು 60ರಲ್ಲೇ ನಿಂತು ಫ್ರೇಮೂ ಕಡಿಮೆ ಇದ್ದರೆ ಪ್ರೊಸೆಸರೋ ರ‍್ಯಾಮೋ ಎಳೆಯುತ್ತಿದೆ. ನಮ್ಮ ಹುಡುಗನ ಕಂಪ್ಯೂಟರಿನಲ್ಲಿ ಮೊದಲ ದಿನ 70 ತೋರಿಸಿತು. ಅವನು ಗಾಬರಿಯಾಗಿ ಫೋನ್ ಮಾಡಿದ. ನೋಡಿದರೆ ಎರಡೂ ರ‍್ಯಾಮ್ ಕಡ್ಡಿಗಳನ್ನು ಅಕ್ಕಪಕ್ಕದ ಸ್ಲಾಟಿಗೆ ಹಾಕಿದ್ದ. ಒಂದನ್ನು ತೆಗೆದು ಅದರ ಸರಿಯಾದ ಜಾಗಕ್ಕೆ ಹಾಕಿದ, ಕಾರ್ಡ್ 97ಕ್ಕೆ ಏರಿತು. ಅಷ್ಟರಲ್ಲಿ ಹೊರಗೆ ಗುಡುಗು ಕೇಳಿತು. "ಮಾವ, ಮೂರೂ ಪ್ಲಗ್ ಕೀಳ್ತೇನೆ" ಎಂದು ಅವನೇ ಫೋನ್ ಇಟ್ಟ.